ಬಾತಾ ಯಾರ ಜೊತೆ ಮಾತಾಡುತ್ತದೆ: ಯೊರುಬಾ ಪೂಜೆಯ ಚರ್ಮವಾದ್ಯಗಳು

ಬಾತಾ ಡೋಲಿನ ದೊಡ್ಡ ಮುಖದ ಮೇಲೆ ಕಪ್ಪಗೆ, ಜಿಗುಟಾಗಿ, ದುಂಡಗೆ ಮೆತ್ತಿದ ಒಂದು ಲೇಪ ಕಾಣುತ್ತದೆ. ಪಶ್ಚಿಮ ಆಫ್ರಿಕಾದ ಯೊರುಬಾ ಡೋಲುಗಾರರು ಇದನ್ನು ಇಡಾ ಅನ್ನುತ್ತಾರೆ. ಮೃದಂಗ ಬಲ್ಲವರು ಫೋಟೊ ನೋಡಿದ ಕೂಡಲೇ ಕರಣೆ, ಅಂದರೆ ಮೃದಂಗದ ಬಲಮುಖದ ಕಪ್ಪು ಲೇಪ, ಅಂದುಕೊಳ್ಳುತ್ತಾರೆ. ಆದರೆ ಮಾಡುವ ಕೆಲಸ ನೋಡಿದರೆ ಇದು ಮೃದಂಗದ ಎಡಮುಖಕ್ಕೆ ಹಚ್ಚುವ ರವೆಗೆ ಹತ್ತಿರ. ಕರಣೆ ಪದರ ಪದರವಾಗಿ ಒಣಗಿ ಗಟ್ಟಿಯಾಗುತ್ತದೆ. ಇಡಾ ಮೆತ್ತಗೇ ಉಳಿಯುತ್ತದೆ, ಬೇಕೆನಿಸಿದರೆ ಇನ್ನಷ್ಟು ಮೆತ್ತಬಹುದು, ಹೆಚ್ಚಾಯಿತು ಅನಿಸಿದರೆ ಕಿತ್ತು ತೆಗೆಯಬಹುದು. ಚರ್ಮದ ನಡುವೆ ತೂಕ ಬಿದ್ದಾಗ ಶ್ರುತಿ ಇಳಿಯುತ್ತದೆ, ಗಂಯ್ ಅನ್ನುವ ಉಳಿಕೆ ನಾದ ಸಾಯುತ್ತದೆ, ತೆರೆದ ಹೊಡೆತಕ್ಕೂ ಮುಚ್ಚಿದ ಹೊಡೆತಕ್ಕೂ ಇರುವ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗುತ್ತದೆ.

ಅಷ್ಟು ಸ್ಪಷ್ಟತೆ ಯಾಕೆ ಬೇಕು ಅಂದರೆ, ಆ ಡೋಲು ತಾಳ ಹಿಡಿಯುವುದಕ್ಕಿಂತ ಮೊದಲು ಮಾತಾಡಬೇಕು. ಇಡಾ ಹೆಚ್ಚಾದರೆ ಎಲ್ಲ ಹೊಡೆತವೂ ಒಂದೇ ಥರ ಧಬ್ ಅನ್ನುತ್ತದೆ, ಇಳಿದನಿ ಯಾವುದು, ನಡುದನಿ ಯಾವುದು ತಿಳಿಯುವುದಿಲ್ಲ. ಕಮ್ಮಿಯಾದರೆ ಒಂದು ಅಕ್ಷರದ ನಾದ ಮುಗಿಯುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಕೂರುತ್ತದೆ. ಬಿಸಿಲಲ್ಲಿ ಬಹಳ ಹೊತ್ತು ಬಿಟ್ಟರೆ ಲೇಪ ಕರಗಿ ಹರಡುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಎಂಬ ಒಣಗಾಳಿಯಲ್ಲಿ ಅದೇ ಲೇಪ ಗಟ್ಟಿಯಾಗಿ ಬಿರುಕು ಬಿಟ್ಟು ಚೂರು ಚೂರಾಗಿ ಉದುರುತ್ತದೆ. ಪೂಜೆಯ ನಡುವೆ ಹಾಗಾದರೆ ಡೋಲು ತೊದಲುತ್ತದೆ. ತೊದಲುವ ಡೋಲಿನಿಂದ ದೇವರನ್ನು ಕರೆಯಲು ಆಗುವುದಿಲ್ಲ. ಯೊರುಬಾ ಪೂಜಾವಾದ್ಯಗಳ ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಒಂದು ರೀತಿಯಲ್ಲಿ ಇಷ್ಟೇ. ಅಲ್ಲಿ ಡೋಲು ಹಾಡಿಗೆ ಪಕ್ಕವಾದ್ಯವಾಗಿ ಬಂದದ್ದಲ್ಲ, ಪೂಜೆಯ ಮಾತಿನಲ್ಲಿ ಒಂದು ದೊಡ್ಡ ಪಾಲು ಅದರದೇ.

ಯೊರುಬಾ ಜನ ನೈಜೀರಿಯಾದ ನೈಋತ್ಯ ಭಾಗದಲ್ಲಿ ಹೆಚ್ಚು, ಪಕ್ಕದ ಬೆನಿನ್ ಮತ್ತು ಟೋಗೊದಲ್ಲೂ ಇದ್ದಾರೆ. ಅವರ ಭಾಷೆಯಲ್ಲಿ ಮೂರು ದನಿಗಳು: ಏರು, ನಡು, ಇಳಿ. ದನಿ ಬದಲಾದರೆ ಅರ್ಥವೇ ಬದಲು. ಒಕೊ ಎಂಬ ಎರಡಕ್ಷರ ತಗೊಳ್ಳಿ. ಎರಡೂ ನಡುದನಿಯಲ್ಲಿದ್ದರೆ ಗಂಡ, ನಡುವಿನಿಂದ ಏರಿದರೆ ಗುದ್ದಲಿ, ನಡುವಿನಿಂದ ಇಳಿದರೆ ವಾಹನ, ಎರಡೂ ಇಳಿದನಿಯಾದರೆ ಈಟಿ. ಇಂಥ ಭಾಷೆಯಲ್ಲಿ ವ್ಯಂಜನ ಸ್ವರಗಳನ್ನೆಲ್ಲ ತೆಗೆದುಹಾಕಿ ಬರೀ ದನಿ ಮತ್ತು ಲಯ ಉಳಿಸಿಕೊಂಡರೂ ಮಾತಿನ ಎಲುಬುಗೂಡು ಉಳಿದಿರುತ್ತದೆ. ಡೋಲು ನುಡಿಯುವುದು ಆ ಎಲುಬುಗೂಡನ್ನು.

ಎಲುಬುಗೂಡು ಮಾತ್ರ ಇದ್ದಾಗ ಗೊಂದಲವೂ ಸಹಜ. ಒಂದೇ ಏರಿಳಿತಕ್ಕೆ ಹತ್ತು ಪದ ಹೊಂದಬಹುದು. ಅದಕ್ಕೇ ಡೋಲುಗಾರ ಬಿಡಿ ಪದ ನುಡಿಸುವುದಿಲ್ಲ. ಕೇಳುಗರಿಗೆ ಮೊದಲೇ ಬಾಯಿಪಾಠ ಇರುವ ಗಾದೆ ಮತ್ತು ಬಿರುದಾವಳಿಗಳನ್ನು ಉದ್ದುದ್ದ ಸಾಲುಗಳಲ್ಲಿ ನುಡಿಸುತ್ತಾನೆ. ಮೊದಲ ನಾಲ್ಕು ಏಟು ಕೇಳಿದಾಗ ಅನುಮಾನ ಇದ್ದರೂ ಸಾಲು ಮುಗಿಯುವಷ್ಟರಲ್ಲಿ ಇನ್ನೊಂದು ಅರ್ಥಕ್ಕೆ ಜಾಗ ಇರುವುದಿಲ್ಲ. ಇಂಥ ಬಿರುದಾವಳಿಗೆ ಒರಿಕಿ ಎಂದು ಹೆಸರು. ದೇವರಿಗೊಂದು ಒರಿಕಿ, ಅರಸನಿಗೊಂದು, ಊರಿಗೊಂದು, ಮನೆತನಕ್ಕೊಂದು, ಹುಟ್ಟಿದ ಮಗುವಿಗೂ ಒಂದು. ಒರಿಕಿ ಹೇಳಿ ಕರೆದರೆ ಕರೆಸಿಕೊಂಡವರು ಓಗೊಡಲೇಬೇಕು ಎಂಬುದು ನಂಬಿಕೆ. ಅದು ಮನುಷ್ಯನಿಗೆ ಹೇಗೋ, ಒರಿಶಾಗಳಿಗೆ, ಅಂದರೆ ದೇವತೆಗಳಿಗೆ, ಹಾಗೇ.

ಹೊರಗಿನವರಿಗೆ ಹೆಚ್ಚು ಗೊತ್ತಿರುವ ಯೊರುಬಾ ವಾದ್ಯ ದುಂದುನ್. ನಡು ಸಣ್ಣಗಿರುವ, ಎರಡೂ ಕಡೆ ಚರ್ಮ ಬಿಗಿದ, ಉದ್ದಕ್ಕೂ ಬಾರುಗಳಿರುವ ಡೋಲು. ಎಡಹೆಗಲಿನಿಂದ ಇಳಿಬಿಟ್ಟು, ಎಡಗೈಯಲ್ಲಿ ಬಾರುಗಳನ್ನು ಹಿಡಿದು ಬಿಗಿ ಸಡಿಲ ಮಾಡುತ್ತ, ಬಲಗೈಯಲ್ಲಿ ತುದಿ ಬಾಗಿದ ಕೋಲಿನಿಂದ ಹೊಡೆಯುತ್ತಾರೆ. ಬಾರು ಬಿಗಿದಂತೆ ಶ್ರುತಿ ಏರುತ್ತದೆ, ಹೊಡೆದ ಮೇಲೂ ಬಿಗಿಯುತ್ತ ಹೋದರೆ ದನಿ ಜಾರುತ್ತದೆ. ಯೊರುಬಾ ಮಾತಿನಲ್ಲಿರುವ ಜಾರುದನಿಗಳು ಹಾಗೇ ಬರುತ್ತವೆ. ಇದರ ಚರ್ಮ ತೀರಾ ಎಳೆಯ ಆಡಿನ ಮರಿಯದು, ಕಾಗದದಷ್ಟು ತೆಳು. ದಪ್ಪ ಚರ್ಮ ಹಾಕಿದರೆ ಎಷ್ಟು ಬಾರು ಎಳೆದರೂ ಶ್ರುತಿ ಅಲುಗುವುದಿಲ್ಲ, ಕೈಸೋಲು ಒಂದೇ ಲಾಭ. ತೆಳು ಚರ್ಮದ ಕಷ್ಟವೂ ಅಷ್ಟೇ ದೊಡ್ಡದು: ಮಳೆಗಾಲದಲ್ಲಿ ಜೋತುಬಿದ್ದು ಏರುದನಿ ಸಿಗುವುದಿಲ್ಲ, ಹರ್ಮಟಾನಿನಲ್ಲಿ ಬಿಗಿದುಕೊಂಡು ಇಳಿದನಿ ಸಿಗುವುದಿಲ್ಲ, ಒಂದು ಜೋರು ಏಟಿಗೆ ಹರಿದರೂ ಹರಿಯಿತು.

ದುಂದುನ್ ಮೇಳದ ಹಿರಿಯ ಡೋಲು ಇಯಾಲು, ಅಂದರೆ ತಾಯಿ ಡೋಲು. ಅದರ ಅಂಚಿಗೆ ಶವೊರೊ ಎಂಬ ಸಣ್ಣ ಹಿತ್ತಾಳೆ ಗೆಜ್ಜೆಗಳ ಸಾಲು. ಜೊತೆಗೆ ಅದೇ ಆಕಾರದ ಚಿಕ್ಕ ಡೋಲುಗಳು, ಮತ್ತು ಕೊರಳಿಗೆ ನೇತುಹಾಕಿಕೊಂಡು ಎರಡು ಚರ್ಮದ ಪಟ್ಟಿಗಳಿಂದ ಬಾರಿಸುವ ಗುದುಗುದು ಎಂಬ ಪುಟ್ಟ ಬೋಗುಣಿಯಾಕಾರದ ವಾದ್ಯ. ಆ ಗುದುಗುದುವಿನ ಮುಖದ ಮೇಲೂ ಇಡಾ ಇರುತ್ತದೆ. ದುಂದುನ್‌ಗೆ ಮಡಿ ಮೈಲಿಗೆಯ ಕಟ್ಟು ಕಮ್ಮಿ. ಮದುವೆ, ನಾಮಕರಣ, ಅರಮನೆ, ರಾಜಕೀಯ ಸಭೆ, ಎಲ್ಲ ಕಡೆಗೂ ಹೋಗುತ್ತದೆ. ಇದರ ಮಾತು ಊರ ಜನಕ್ಕೂ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಎಡೆ ಎಂಬ ಊರನ್ನು 1946ರಿಂದ 1975ರವರೆಗೆ ಆಳಿದ ತಿಮಿ (ಅಲ್ಲಿನ ಅರಸನ ಬಿರುದು) ಅಡೆತೊಯೆಸೆ ಲಾವೊಯೆ ಸ್ವತಃ ಒಳ್ಳೆಯ ಡೋಲುಗಾರ. ಸಿಂಹಾಸನದ ಮೇಲಿರುವವನು ಡೋಲು ಹೆಗಲಿಗೇರಿಸುವುದು ಅಲ್ಲಿ ಸಣ್ಣ ಮಾತಲ್ಲ, ಯಾಕೆಂದರೆ ಡೋಲುಗಾರನೆಂದರೆ ಅರಸನನ್ನು ಹೊಗಳಿ ಕಾಣಿಕೆ ಪಡೆಯುವವನು.

ಬಾತಾ ಬೇರೆಯೇ ಕಥೆ. ಅದು ಗುಡುಗಿನ ದೇವರಾದ ಶಾಂಗೊನ ವಾದ್ಯ, ಪಿತೃಗಳ ವೇಷವಾದ ಎಗುಂಗುನ್‌ನ ವಾದ್ಯ. ಶಾಂಗೊ ಓಯೊ ಸಾಮ್ರಾಜ್ಯದ ಅಲಾಫಿನ್, ಅಂದರೆ ಅರಸನಾಗಿದ್ದು ದೈವವಾದವನು ಎಂಬುದು ಐತಿಹ್ಯ. ಬಾತಾದ ಒಡಲು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ದೊಡ್ಡದಾದ ಇಯಾಲು ಎರಡು ಅಡಿಗೂ ಉದ್ದ. ಅಗಲದ ಮುಖಕ್ಕೆ ಒಜು ಒಜೊ, ಕಿರಿದಾದ ಮುಖಕ್ಕೆ ಶಾಶಾ. ಕೊರಳಿಗೆ ಅಡ್ಡಲಾಗಿ ತೂಗುಹಾಕಿಕೊಂಡು, ದೊಡ್ಡ ಮುಖವನ್ನು ಬಲ ಅಂಗೈಯಿಂದ, ಸಣ್ಣ ಮುಖವನ್ನು ಎಡಗೈಯಲ್ಲಿ ಹಿಡಿದ ಬಿಲಾಲಾ ಎಂಬ ಗಟ್ಟಿ ಚರ್ಮದ ಪಟ್ಟಿಯಿಂದ ಹೊಡೆಯುತ್ತಾರೆ. ಶಾಶಾದ ದನಿ ಚಟ್ ಎಂದು ಬಿರುಸು, ಒಜು ಒಜೊದ್ದು ಗುಡುಗು. ಎರಡರ ನಡುವೆ ಮೃದುವಾದದ್ದು ಏನೂ ಇಲ್ಲ. ಶಾಂಗೊನ ಸಿಟ್ಟಿಗೆ ಹೊಂದುವ ದನಿ ಇದೇ ಅನ್ನುತ್ತಾರೆ, ಕೇಳಿದರೆ ಒಪ್ಪಲೇಬೇಕಾಗುತ್ತದೆ.

ಮೇಳದಲ್ಲಿ ಇಯಾಲು ಮುಖ್ಯ. ಅದರ ಬೆನ್ನಿಗೆ ಒಮೆಲೆ ಅಬೊ, ಅಂದರೆ ಹೆಣ್ಣು ಒಮೆಲೆ, ಅದೇ ಆಕಾರ ಆದರೆ ಚಿಕ್ಕದು. ಇವೆರಡೂ ಸೇರಿ ಮಾತಾಡುತ್ತವೆ. ಒಂದು ಸಾಲಿನ ಅರ್ಧ ದನಿ ಒಂದರಿಂದ, ಉಳಿದದ್ದು ಇನ್ನೊಂದರಿಂದ ಬರುವುದೂ ಉಂಟು. ಇನ್ನು ಗಂಡು ಒಮೆಲೆಯಾದ ಒಮೆಲೆ ಅಕೊ ಮತ್ತು ಕುದಿ, ತೀರಾ ಸಣ್ಣವು, ಲಯ ಕಾಯುವ ಕೆಲಸ ಅವುಗಳದು. 20ನೇ ಶತಮಾನದ ಉತ್ತರಾರ್ಧದಲ್ಲಿ ಮೂರು ಸಣ್ಣ ಡೋಲುಗಳನ್ನು ಒಟ್ಟಿಗೆ ಕಟ್ಟಿ, ಮೂರಕ್ಕೂ ಬೇರೆ ಬೇರೆ ಶ್ರುತಿ ಕೊಟ್ಟು ನುಡಿಸುವ ಒಮೆಲೆ ಮೆತಾ ಬಂತು. ಮೂರು ಶ್ರುತಿ ಇರುವುದರಿಂದ ಅದರಲ್ಲಿ ಮಾತು ದುಂದುನ್‌ನಷ್ಟೇ ಸಲೀಸು. ಹಳೆಯ ಕಾಲದ ಕಿವಿಗಳಿಗೆ ಇದು ಅಷ್ಟಾಗಿ ರುಚಿಸದಿರಬಹುದು, ಆದರೆ ಮದುವೆಮನೆಗೆ ಇದೇ ಬೇಕು.

ಯಾಕೆ ಅಂದರೆ ಇಯಾಲು ಬಾತಾದ ಮಾತು ಜನಸಾಮಾನ್ಯರಿಗೆ ಅರ್ಥವಾಗುವುದಿಲ್ಲ. ದುಂದುನ್‌ನಂತೆ ಶ್ರುತಿ ಜಾರಿಸಲು ಇಲ್ಲಿ ದಾರಿ ಇಲ್ಲ. ತೆರೆದ ಏಟು, ಮುಚ್ಚಿದ ಏಟು, ಶಾಶಾದ ಚಟಕು, ಇವುಗಳ ಜೋಡಣೆಯಲ್ಲೇ ಮೂರು ದನಿಯನ್ನೂ, ಅದರ ಮೇಲೆ ಅಕ್ಷರದ ಗಡಸು ಮೃದುಗಳನ್ನೂ ಸೂಚಿಸಬೇಕು. ಇದಕ್ಕೆ ಡೋಲುಗಾರರಲ್ಲಿ ಎನಾ ಎಂಬ ಗುಟ್ಟಿನ ಭಾಷೆಯೇ ಇದೆ. ಯೊರುಬಾ ಮಾತನ್ನು ಮೊದಲು ಎನಾಕ್ಕೆ ಬಾಯಲ್ಲಿ ಹೊರಳಿಸಿ, ಆಮೇಲೆ ಕೈಗೆ ಇಳಿಸುತ್ತಾರೆ. ಗೊತ್ತಿದ್ದವರು ಡೋಲಿಲ್ಲದೆ ಬರೀ ಬಾಯಲ್ಲೇ ಎನಾದಲ್ಲಿ ಹರಟೆ ಹೊಡೆಯಬಲ್ಲರು, ಪಕ್ಕದಲ್ಲಿ ನಿಂತ ಯೊರುಬಾದವನಿಗೇ ಒಂದಕ್ಷರ ತಿಳಿಯುವುದಿಲ್ಲ. ಪೂಜೆಯಲ್ಲಿ ಇದು ದೋಷವಲ್ಲ. ಕೇಳಬೇಕಾದವನು ಶಾಂಗೊ, ಅವನಿಗೆ ಅರ್ಥವಾದರೆ ಸಾಕು. ಪೇಟೆಯಲ್ಲಿ ಮಾತ್ರ ಇದೇ ಗುಣ ಹೊಟ್ಟೆಗೆ ಹೊಡೆಯುತ್ತದೆ. ತನ್ನ ಹೊಗಳಿಕೆ ತನಗೇ ಅರ್ಥವಾಗದಿದ್ದರೆ ಯಾವ ಯಜಮಾನ ನೋಟು ತೆಗೆದು ಡೋಲುಗಾರನ ಹಣೆಗೆ ಅಂಟಿಸುತ್ತಾನೆ? ಬಾತಾ ಮನೆತನದ ಹುಡುಗರು ದುಂದುನ್ ಕಡೆ ಹೊರಳಲು ಇದು ದೊಡ್ಡ ಕಾರಣ.

ಈ ಮನೆತನಗಳನ್ನು ಹೆಸರಿನಲ್ಲೇ ಗುರುತಿಸಬಹುದು: ಆಯಾನ್‌ತುಂಡೆ, ಆಯಾನ್‌ವಾಲೆ, ಆಯಾನ್‌ಕುನ್ಲೆ. ಆಯಾನ್ ಅಥವಾ ಆಯಾನ್‌ಗಲು ಎಂದರೆ ಡೋಲಿನ ಒರಿಶಾ, ಮರದೊಳಗೆ ನೆಲೆಸಿರುವ ದೈವ. ಓಶೊಗ್ಬೊ ಪಕ್ಕದ ಎರಿನ್ ಓಶುನ್ ಎಂಬ ಸಣ್ಣ ಊರು ಇಂಥ ಮನೆತನಗಳಿಗೆ ಹೆಸರಾದದ್ದು, ದೇಶವಿದೇಶ ಸುತ್ತಿದ ಲಮಿಡಿ ಆಯಾನ್‌ಕುನ್ಲೆ ಅಲ್ಲಿನವರು. ಹೆಸರು ಗಮನಿಸಿ: ಲಮಿಡಿ ಮುಸ್ಲಿಂ ಹೆಸರು. ಆಯಾನ್ ಮನೆತನಗಳಲ್ಲಿ ಬಹಳ ಮಂದಿ ಇವತ್ತು ಮುಸ್ಲಿಮರು. ನಮಾಜೂ ಮಾಡುತ್ತಾರೆ, ಶಾಂಗೊ ಹಬ್ಬಕ್ಕೆ ಬಾತಾವನ್ನೂ ನುಡಿಸುತ್ತಾರೆ, ಕುಲಕಸುಬು ಕುಲಕಸುಬೇ. ಇತ್ತೀಚಿನ ದಶಕಗಳಲ್ಲಿ ಚರ್ಚು ಮತ್ತು ಮಸೀದಿ ಎರಡೂ ಕಡೆಯ ಕಟ್ಟುನಿಟ್ಟಿನವರಿಂದ ಇದಕ್ಕೆ ಆಕ್ಷೇಪ ಹೆಚ್ಚಿದೆ. ವಾದ್ಯ ಉಳಿಸಿಕೊಂಡು ದೈವ ಬಿಟ್ಟವರೂ ಇದ್ದಾರೆ.

ಕಲಿಕೆಯ ಕ್ರಮ ಬಿಗಿ. ಹುಡುಗ ಮೊದಲು ಕೂರುವುದು ಸಣ್ಣ ಒಮೆಲೆಗೆ, ಒಂದೇ ಸೊಲ್ಲನ್ನು ಗಂಟೆಗಟ್ಟಲೆ ಅಲುಗದೆ ಹಿಡಿದಿರುವುದು. ಬೇಸರಪಟ್ಟು ನಡುವೆ ಒಂದು ಅಲಂಕಾರ ಸೇರಿಸಿದರೆ ಮೇಲಿನವನ ಮಾತು ಕದಡುತ್ತದೆ, ಬೈಗುಳ ಗ್ಯಾರಂಟಿ. ಅಲ್ಲಿಂದ ಒಮೆಲೆ ಅಬೊ, ಬಹಳ ವರ್ಷದ ಮೇಲೆ ಇಯಾಲು. ಕೈ ಪಳಗುವುದಕ್ಕಿಂತ ನಿಧಾನವಾದದ್ದು ಒರಿಕಿಗಳ ಸಂಗ್ರಹ. ಯಾವ ಮನೆತನಕ್ಕೆ ಯಾವ ಸಾಲು, ಯಾವ ದೇವರಿಗೆ ಯಾವ ಕ್ರಮ, ಯಾರ ಮುಂದೆ ಯಾವುದನ್ನು ನುಡಿಸಬಾರದು, ಇದೆಲ್ಲ ತಲೆಯಲ್ಲಿ ಇರಬೇಕು. ಕೈ ಚುರುಕಾಗಿದ್ದು ಒರಿಕಿ ಬಾರದವನನ್ನು ಯಾರೂ ಪೂಜೆಗೆ ಕರೆಯುವುದಿಲ್ಲ.

ಎಲ್ಲ ಒರಿಶಾಗಳಿಗೂ ಬಾತಾ ಸಲ್ಲದು. ಬಿಳಿಬಟ್ಟೆಯ, ತಣ್ಣನೆ ಸ್ವಭಾವದ ಸೃಷ್ಟಿದೇವತೆ ಒಬಾತಲಾನಿಗೆ ಇಗ್ಬಿನ್ ಡೋಲುಗಳು. ಗಿಡ್ಡ, ದಪ್ಪ, ಕಾಲುಗಳ ಮೇಲೆ ನೆಟ್ಟಗೆ ನಿಲ್ಲುವಂಥವು, ಒಂದೇ ಮುಖ, ಚರ್ಮವನ್ನು ಮರದ ಗೂಟಗಳಿಂದ ಬಿಗಿದಿರುತ್ತಾರೆ. ಶ್ರುತಿ ಇಳಿದರೆ ಗೂಟವನ್ನು ಬಡಿದು ಒಳಗೆ ತಳ್ಳುವುದು. ಕಣಿಯ ದೈವವಾದ ಒರುನ್ಮಿಲಾಗೆ ಇಪೆಸೆ, ಬೇಟೆಗಾರರಿಗೂ ಕಬ್ಬಿಣದ ದೈವ ಒಗುನ್‌ಗೂ ಅಗೆರೆ, ಅರಸರಿಗೆ ಗ್ಬೆಡು. ಇಗ್ಬಿನ್‌ನ ನಡೆ ಮುದುಕನ ನಡಿಗೆಯಂತೆ ಭಾರ, ಒಬಾತಲಾನ ಭಕ್ತರು ಬೆನ್ನು ಬಾಗಿಸಿ ನಿಧಾನ ಕುಣಿಯುತ್ತಾರೆ. ಅಲ್ಲಿ ಬಾತಾದ ಚಟಚಟ ತಂದರೆ ಪೂಜೆ ಕೆಡುತ್ತದೆ.

ಡೋಲು ಮಾಡುವಾಗಲೇ ಪೂಜೆ ಶುರು. ಒಮೊ ಅಥವಾ ಅಪಾ ಎಂಬ ಮರಗಳನ್ನು ಹೆಚ್ಚಾಗಿ ಬಳಸುತ್ತಾರೆ. ದಾರಿ ಪಕ್ಕದ ಮರವೇ ಒಳ್ಳೆಯದು, ಅದು ಹೋಗಿಬರುವವರ ಮಾತು ಕೇಳಿ ಬೆಳೆದಿರುತ್ತದೆ, ಹಾಗಾಗಿ ಮಾತು ಬೇಗ ಕಲಿಯುತ್ತದೆ ಎಂಬ ನಂಬಿಕೆ ಇದೆ. ಕಡಿಯುವ ಮುನ್ನ ಮರಕ್ಕೆ ಅರ್ಪಣೆ. ಇಡೀ ದಿಮ್ಮಿಯನ್ನು ಹಸಿಯಿರುವಾಗಲೇ ಕೊರೆದು ಟೊಳ್ಳು ಮಾಡಿ, ನೆರಳಲ್ಲಿ ನಿಧಾನ ಒಣಗಿಸಬೇಕು. ಬಿಸಿಲಿಗಿಟ್ಟು ಆತುರಪಟ್ಟರೆ ಉದ್ದಕ್ಕೆ ಸೀಳು ಬರುತ್ತದೆ, ಸೀಳಿದ ಒಡಲಿಗೆ ಎಷ್ಟು ಅಂಟು ತುಂಬಿದರೂ ಬಿಗಿದ ಚರ್ಮದ ಎಳೆತ ಮತ್ತೆ ಬಾಯಿ ಬಿಡಿಸುತ್ತದೆ. ಪೂಜೆಯ ಡೋಲಾದರೆ ಚರ್ಮ ಮುಚ್ಚುವ ಮೊದಲು ಆಯಾನ್‌ನ ಪ್ರತಿಷ್ಠೆ ಒಳಗೇ ಆಗುತ್ತದೆ. ಏನು ಇಡುತ್ತಾರೆ ಎಂಬುದು ಹೊರಗಿನವರಿಗೆ ಹೇಳುವ ವಿಷಯವಲ್ಲ, ಇಲ್ಲೂ ಅದರ ಊಹೆ ಬೇಡ.

ಇನ್ನು ಹಬ್ಬದ ದಿನ. ಯೊರುಬಾ ವಾರಕ್ಕೆ ನಾಲ್ಕೇ ದಿನ, ಅದರಲ್ಲೊಂದು ಜಾಕುತಾ, ಶಾಂಗೊನ ದಿನ. ನಾಲ್ಕು ದಿನಕ್ಕೊಮ್ಮೆ ನಡೆಯುವ ಪೂಜೆ ಚಿಕ್ಕದು, ವರ್ಷದ ಹಬ್ಬ ದೊಡ್ಡದು. ಓಯೊದ ಶಾಂಗೊ ಹಬ್ಬ ಆಗಸ್ಟಿನಲ್ಲಿ, 2023ರಲ್ಲಿ ಅದು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಡೋಲುಗಾರರು ಗುಡಿಗೆ ಬಂದವರೇ ಶಾಂಗೊನ ಹೆಸರೆತ್ತುವುದಿಲ್ಲ. ಮೊದಲು ತಮ್ಮ ಆಯಾನ್‌ಗೆ ಕಾಣಿಕೆ. ಆಮೇಲೆ ಹಿರಿಯರಿಗೆ, ತೀರಿಹೋದ ಡೋಲುಗಾರರಿಗೆ ಡೋಲಿನಲ್ಲೇ ವಂದನೆ, ಹೊಸ್ತಿಲ ದೈವವೂ ಕಿಡಿಗೇಡಿಯೂ ಆದ ಏಶುಗೆ ಅವನ ಪಾಲು. ಈ ವಂದನೆಗೆ ಇಜುಬಾ ಅನ್ನುತ್ತಾರೆ. ಇದನ್ನು ಹಾರಿಸಿದರೆ ಮುಂದಿನದೆಲ್ಲ ಅಡ್ಡದಾರಿ ಹಿಡಿಯುತ್ತದೆ: ಚರ್ಮ ಹರಿಯಿತು, ಜಗಳ ಬಂತು, ಮಳೆ ಬಂತು, ಏನೇ ಆದರೂ ಅದರ ಲೆಕ್ಕ ಇಲ್ಲಿಗೇ ಬಂದು ನಿಲ್ಲುತ್ತದೆ.

ಶಾಂಗೊನಿಗೆ ಅರ್ಪಿಸುವುದು ಒರೊಗ್ಬೊ ಎಂಬ ಕಹಿ ಕೋಲಾ. ಬೇರೆ ಹಲವು ಒರಿಶಾಗಳಿಗೆ ಸಲ್ಲುವ ಒಬಿ ಕೋಲಾ ಅವನಿಗೆ ಆಗದು. ಗುಡಿಯೊಳಗೆ ಶೆರೆ ಎಂಬ ಸೋರೆ ಗಿಲಕಿ ಅಲ್ಲಾಡಿಸುತ್ತ ಭಕ್ತರು ಬಾಯಲ್ಲಿ ಒರಿಕಿ ಹೇಳುತ್ತಿದ್ದರೆ, ಹೊರಗೆ ಇಯಾಲು ಅದನ್ನೇ ಚರ್ಮದಲ್ಲಿ ಹೇಳುತ್ತಿರುತ್ತದೆ. ಆಮೇಲೆ ಎಲೆಗುನ್ ಹೊರಬರುತ್ತಾನೆ, ಶಾಂಗೊ ಮೈಮೇಲೆ ಬರುವ ಪಾತ್ರಿ. ಗಂಡಸಾದರೂ ಹೆಂಗಸರಂತೆ ಜಡೆ ಹೆಣೆದಿರುತ್ತಾನೆ, ಕೆಂಪು ಬಟ್ಟೆ, ಕವಡೆ ಹೊಲಿದ ಪಟ್ಟಿಗಳ ಲಂಗ, ಕೈಯಲ್ಲಿ ಜೋಡಿ ಅಲಗಿನ ಕೊಡಲಿಯಾಕಾರದ ಓಶೆ.

ಇಲ್ಲಿ ಡೋಲುಗಾರನ ನಿಜವಾದ ಪರೀಕ್ಷೆ. ವೇಗ ಹೆಚ್ಚಿಸಿದರೆ ದೇವರು ಬಂದುಬಿಡುತ್ತಾನೆ ಎಂದು ವಿಡಿಯೊ ನೋಡಿದವರು ಅಂದುಕೊಳ್ಳುತ್ತಾರೆ. ಬರೀ ವೇಗಕ್ಕೆ ಬರುವುದು ಬೆವರು. ಇಯಾಲು ನುಡಿಸುವವನು ಪಾತ್ರಿಯ ಕಾಲು ಮತ್ತು ಹೆಗಲನ್ನೇ ನೋಡುತ್ತಿರುತ್ತಾನೆ. ಒಂದು ಒರಿಕಿಗೆ ಹೆಗಲು ನಡುಗಿದರೆ ಅದೇ ಸಾಲನ್ನು ಮತ್ತೆ, ಇನ್ನೂ ಬಿಡಿಬಿಡಿಯಾಗಿ. ಏನೂ ಆಗದಿದ್ದರೆ ಇನ್ನೊಂದು ಸಾಲು. ಮಾತಿನ ಲಯಕ್ಕೆ ಅಳತೆ ಇರುವುದಿಲ್ಲ, ಅದು ಯೊರುಬಾ ವಾಕ್ಯದಷ್ಟೇ ಉದ್ದ. ಒಮೆಲೆಗಳು ಮಾತ್ರ ಕೆಳಗೆ ಒಂದೇ ಸಮ ನಡೆಯುತ್ತಿರುತ್ತವೆ. ದೈವ ಬಂದದ್ದು ಖಚಿತವಾದ ಕೂಡಲೇ ಇಯಾಲು ಮಾತು ಬಿಟ್ಟು ಕುಣಿತದ ಹೊಡೆತಕ್ಕೆ ಇಳಿಯುತ್ತದೆ, ಆಗ ಒಂದೊಂದು ಹೆಜ್ಜೆಗೂ ಡೋಲಿನ ಆಜ್ಞೆ. ಹೊರಳುವುದು ತಡವಾದರೆ ಪಾತ್ರಿ ಮುಗ್ಗರಿಸುತ್ತಾನೆ, ಬೇಗವಾದರೆ ಇನ್ನೂ ಪೂರ್ತಿ ಬಾರದ ದೈವ ಹಿಂದೆ ಸರಿಯುತ್ತದೆ. ಒಳ್ಳೆಯ ಡೋಲುಗಾರನಿಗೆ ಹೆಸರು ಬರುವುದು ಈ ಒಂದು ಹೊರಳಿನಿಂದ.

ಡೋಲಿನ ಮಾತಿಗೆ ಇನ್ನೊಂದು ಸೌಕರ್ಯ ಇದೆ. ಕಾಣಿಕೆ ಕೊಡದ ಜಿಪುಣನನ್ನು ಅವನ ಮುಂದೆಯೇ ಅಣಕಿಸಬಹುದು. ಅವನು ಕೆರಳಿದರೆ ಅದೇ ಏರಿಳಿತಕ್ಕೆ ಹೊಂದುವ ಒಂದು ಸಭ್ಯ ಗಾದೆಯನ್ನು ಹೇಳಿ, ನಾನು ನುಡಿಸಿದ್ದು ಇದನ್ನೇ ಅಂದರಾಯಿತು.

ಓಶೊಗ್ಬೊದಲ್ಲಿ ಓಶುನ್ ನದಿದೇವತೆಯ ಹಬ್ಬವೂ ಆಗಸ್ಟಿನಲ್ಲೇ. ಅಲ್ಲಿನ ದೇವರಕಾಡು 2005ರಿಂದ ವಿಶ್ವ ಪರಂಪರೆಯ ತಾಣ. ಪ್ರವಾಸಿಗಳ ಗದ್ದಲ ವಿಪರೀತ. ಹೊಳೆಗೆ ಹೊರಡುವ ಮೆರವಣಿಗೆಯಲ್ಲಿ ಹತ್ತಾರು ಮೇಳ ಒಟ್ಟಿಗೆ ನುಡಿಯುವುದರಿಂದ ಒಂದರ ಮಾತೂ ಕೇಳುವುದಿಲ್ಲ. ಡೋಲು ಕೇಳಬೇಕೆಂದರೆ ಅದಕ್ಕೂ ಮುಂಚಿನ ದಿನಗಳ ಸಣ್ಣ ಪೂಜೆಗಳೇ ವಾಸಿ.

19ನೇ ಶತಮಾನದ ಮೊದಲರ್ಧದಲ್ಲಿ ಓಯೊ ಸಾಮ್ರಾಜ್ಯ ಯುದ್ಧಗಳಲ್ಲಿ ಕುಸಿದಾಗ ಸಾವಿರಾರು ಯೊರುಬಾ ಜನ ಗುಲಾಮರಾಗಿ ಕ್ಯೂಬಾ, ಬ್ರೆಜಿಲ್‌ಗಳಿಗೆ ಸಾಗಿಸಲ್ಪಟ್ಟರು. (ನಮ್ಮ ಉತ್ತರ ಕನ್ನಡದ ಸಿದ್ದಿಗಳ ಡಮಾಮಿ ಎಂಬ ಡೋಲಿಗೂ ಬಾತಾಕ್ಕೂ ನಂಟು ಕಟ್ಟುವವರಿದ್ದಾರೆ. ಸಿದ್ದಿಗಳ ಪೂರ್ವಿಕರು ಬಂದದ್ದು ಹೆಚ್ಚಾಗಿ ಆಫ್ರಿಕಾದ ಪೂರ್ವ ಭಾಗದಿಂದ, ಯೊರುಬಾ ನಾಡು ಖಂಡದ ಇನ್ನೊಂದು ಮಗ್ಗುಲಲ್ಲಿದೆ.) ಕ್ಯೂಬಾದಲ್ಲಿ ಬಾತಾ ಮರುಹುಟ್ಟು ಪಡೆದದ್ದು ಸುಮಾರು 1830ರ ಹೊತ್ತಿಗೆ. ಅನ್ಯಾಬಿ ಮತ್ತು ಅತಾಂಡಾ ಎಂಬಿಬ್ಬರು ಯೊರುಬಾದವರು ಹವಾನಾದಲ್ಲಿ ದೈವಪ್ರತಿಷ್ಠೆ ಮಾಡಿದ ಮೊದಲ ಬಾತಾ ಮೇಳ ಕಟ್ಟಿದರೆಂದು ವಿದ್ವಾಂಸ ಫರ್ನಾಂಡೊ ಒರ್ತಿಸ್ ದಾಖಲಿಸಿದ್ದಾರೆ.

ಅಲ್ಲಿ ಮೂರೇ ಡೋಲು: ದೊಡ್ಡದು ಇಯಾ, ನಡುವಿನದು ಇತೊತೆಲೆ, ಚಿಕ್ಕದು ಒಕೊಂಕೊಲೊ. ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಮುಖವನ್ನು ಬರಿಗೈಯಲ್ಲಿ ನುಡಿಸುತ್ತಾರೆ. ಬಿಲಾಲಾ ಪಟ್ಟಿ ಸಾಮಾನ್ಯವಾಗಿ ಇಲ್ಲ. ದೊಡ್ಡ ಮುಖ ಎನು, ಸಣ್ಣದು ಚಾಚಾ. ಇಡಾದ ಜಾಗದಲ್ಲಿ ಫರ್ದೇಲಾ ಎಂಬ ಕಂದುಗೆಂಪು ಅಂಟು. ಯೊರುಬಾ ಮಾತು ತಲೆಮಾರುಗಳಲ್ಲಿ ಮಾಸಿಹೋದಂತೆ ಡೋಲಿನ ವಾಕ್ಯಗಳು ಗಟ್ಟಿಯಾಗಿ ಹೆಪ್ಪುಗಟ್ಟಿದವು. ಈಗ ಅವು ಒಂದೊಂದು ಒರಿಶಾಗೂ ಮೀಸಲಾದ ತಾಳಗಳು, ಇಯಾ ಕರೆಯುತ್ತದೆ, ಇತೊತೆಲೆ ಉತ್ತರಿಸುತ್ತದೆ. ಆಯಾನ್ ಅಲ್ಲಿ ಅನ್ಯಾ ಆದ. ಮನೆತನಗಳನ್ನು ಗುಲಾಮಗಿರಿ ಚೆಲ್ಲಾಪಿಲ್ಲಿ ಮಾಡಿದ್ದರಿಂದ ಹುಟ್ಟಿನ ಹಕ್ಕಿನ ಜಾಗಕ್ಕೆ ಪ್ರಮಾಣ ಬಂತು: ಅನ್ಯಾಗೆ ಪ್ರಮಾಣ ಮಾಡಿದ ಗಂಡಸು ಮಾತ್ರ ಪ್ರತಿಷ್ಠಿತ ಡೋಲು ಮುಟ್ಟಬಹುದು. ಹೊಸ ಮೇಳಕ್ಕೆ ಹಳೆಯ ಮೇಳವೊಂದು ಧ್ವನಿ ದಾಟಿಸಬೇಕು, ಹೀಗೆ ಡೋಲುಗಳಿಗೇ ವಂಶಾವಳಿ ಇದೆ. ಪ್ರತಿಷ್ಠೆಯಿಲ್ಲದ ಡೋಲು ಅಬೆರಿಕುಲಾ, ಅದನ್ನು ಕಲಿಯುವವರೂ ವೇದಿಕೆಯವರೂ ಬಳಸುತ್ತಾರೆ, ಮಾಡಿಸಿಕೊಳ್ಳುವುದಕ್ಕೂ ಯಾರ ಅಡ್ಡಿಯೂ ಇಲ್ಲ. ಪ್ರತಿಷ್ಠಿತ ಡೋಲನ್ನು ನೆಲಕ್ಕಿಡಬಾರದು, ಸೂರ್ಯ ಮುಳುಗಿದ ಮೇಲೆ ನುಡಿಸಬಾರದು.

ಕ್ಯೂಬಾದ ಪೂಜೆ ಒರು ಸೆಕೊದಿಂದ ಶುರುವಾಗುತ್ತದೆ. ದೇವರ ಮಂಟಪದೆದುರು ಹಾಡಿಲ್ಲ, ಕುಣಿತವಿಲ್ಲ, ಬರೀ ಮೂರು ಡೋಲು. ದಾರಿ ತೆರೆಯುವ ಎಲೆಗ್ವಾನಿಂದ ಮೊದಲಾಗಿ ಒಗುನ್, ಒಚೊಸಿ ಎಂದು ಇಪ್ಪತ್ತರ ಆಸುಪಾಸು ಒರಿಶಾಗಳಿಗೆ ಸಾಲಾಗಿ ವಂದನೆ. ಹವಾನಾಕ್ಕೂ ಮತಾಂಸಾಸ್‌ಗೂ ಕ್ರಮದಲ್ಲಿ, ನುಡಿಸಾಣಿಕೆಯಲ್ಲಿ ಅಂತರ ಇದೆ, ಯಾವುದು ಸರಿ ಎಂದು ಎರಡೂ ಊರಿನವರೆದುರು ಕೇಳದಿರುವುದು ಕ್ಷೇಮ. ಇದಾದ ಮೇಲೆ ಜನರ ನಡುವೆ ಹಾಡುಗಾರನೂ ಡೋಲೂ ಸೇರಿ ಒರಿಶಾಗಳನ್ನು ಕರೆಯುತ್ತಾರೆ. ಬ್ರೆಜಿಲ್‌ನ ಕಾಂದೊಂಬ್ಲೆ ಎಂಬ ಒರಿಶಾ ಪೂಜಾಪದ್ಧತಿಯಲ್ಲಿ ಬಾತಾ ಬದಲು ನೆಟ್ಟಗೆ ನಿಲ್ಲುವ ಅತಾಬಾಕೆ ಡೋಲುಗಳು: ರುಂ, ರುಂಪಿ, ಲೆ. ಕುಣಿಯುವವರನ್ನು ನಡೆಸುವುದು ಅಲ್ಲೂ ದೊಡ್ಡದೇ, ಅಂದರೆ ರುಂ.

ಇದನ್ನೆಲ್ಲ ಓದಿ ಕೇಳಲು ಕೂತವರು ಸಾಮಾನ್ಯವಾಗಿ ಎಡವುವುದು ಎಲ್ಲಕ್ಕಿಂತ ಜೋರಾದ ಏಟನ್ನು ಸಮ, ಅಂದರೆ ತಾಳ ಶುರುವಾಗುವ ಏಟು, ಅಂದುಕೊಂಡು. ಜೋರಾದ ಏಟು ಇಯಾಲುವಿನದು, ಅದು ಮಾತಾಡುತ್ತಿದೆ, ಅದರಲ್ಲಿ ತಾಳ ಹುಡುಕಿದರೆ ತಲೆ ಕೆಡುತ್ತದೆ. ಮೊದಲು ಇದನ್ನು ಮಾಡಿ: 12 ಮಾತ್ರೆ ಎಣಿಸುತ್ತ 1, 4, 7, 10ಕ್ಕೆ ಕಾಲು ತಟ್ಟಿ, ನಮ್ಮ ಲೆಕ್ಕದಲ್ಲಿ ತ್ರಿಶ್ರ ಗತಿಯ ನಾಲ್ಕು ಎಣಿಕೆ. ಅದರ ಮೇಲೆ 1, 3, 5, 8, 10ಕ್ಕೆ ಚಪ್ಪಾಳೆ. ಇದು ಯೊರುಬಾ ಸಂಗೀತದಲ್ಲಿ ಎಲ್ಲೆಲ್ಲೂ ಸಿಗುವ ಕೊಂಕೊಲೊ ನಡೆ, ಅಂತರಗಳು 2, 2, 3, 2, 3. ಕಾಲೂ ಕೈಯೂ ಕೂಡುವುದು 1 ಮತ್ತು 10ರಲ್ಲಿ ಮಾತ್ರ. ಬಹಳ ಮಂದಿ ಗೊತ್ತಿಲ್ಲದೆ ಎರಡರ ಮೂರರ ಅಂತರವನ್ನು ಸಮ ಮಾಡಿ ಐದು ಸಮಭಾಗ ತಟ್ಟುತ್ತಾರೆ. ಇನ್ನು ಕೆಲವರ ಕಾಲು ಮೊದಲ ಮೂರು ಚಪ್ಪಾಳೆಯ ಜೊತೆಗೇ ಹೊರಟು, 8 ಬಂದಾಗ ದಾರಿ ತಪ್ಪುತ್ತದೆ. ಹತ್ತು ನಿಮಿಷ ಕದಲದೆ ನಿಂತಿತು ಅನಿಸಿದ ಮೇಲೆ ಬಾತಾದ ಧ್ವನಿಮುದ್ರಣ ಹಾಕಿಕೊಳ್ಳಿ. ಬಾತಾ ಮೇಳದಲ್ಲಿ ಈ ನಡೆಯನ್ನು ಬಾರಿಸಿ ತೋರಿಸಲು ಸಾಮಾನ್ಯವಾಗಿ ಜಾಗಟೆಯೂ ಇರುವುದಿಲ್ಲ, ಗಂಟೆಯೂ ಇರುವುದಿಲ್ಲ. ಸಣ್ಣ ಒಮೆಲೆಯನ್ನೋ ಒಕೊಂಕೊಲೊವನ್ನೋ ಕಿವಿಯಲ್ಲಿ ಹಿಡಿದು, ನಡೆಯನ್ನು ನೀವೇ ಒಳಗೆ ಎಣಿಸುತ್ತಿರಬೇಕು, ಇಯಾಲು ಅದರ ಮೇಲೆ ಎಲ್ಲಿ ಬೇಕಾದರೂ ವಾಕ್ಯ ಶುರುಮಾಡುತ್ತದೆ.